ಚಳಿಯ ಬೆಳಿಗ್ಗೆ ಗಾಡಿ ಹೊರಡಿಸುವುದು: ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ

ಡಿಸೆಂಬರ್ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಅಂಗಳಗಳಲ್ಲಿ ಬೆಳಗಾಗುವ ರೀತಿಯೇ ಬೇರೆ. ಗಾಡಿ ಸ್ಟಾರ್ಟ್ ಮಾಡಿ ಹಾಗೇ ಬಿಟ್ಟು ಯಜಮಾನರು ಒಳಗೆ ಹೋಗುತ್ತಾರೆ. ದೋಸೆ ತಿಂದು, ಕಷಾಯ ಕುಡಿದು, ಚೀಲ ಹುಡುಕಿ ಹೊರಗೆ ಬರುವಷ್ಟರಲ್ಲಿ ಹತ್ತು ಹನ್ನೆರಡು ನಿಮಿಷ ಆಗಿರುತ್ತದೆ. ಕೇಳಿದರೆ ‘ಎಂಜಿನ್ ಬಿಸಿ ಆಗ್ಲಿ ಅಂತ’ ಎನ್ನುತ್ತಾರೆ. ಅಂಬಾಸಿಡರ್ ಕಾಲದಲ್ಲಿ, ಕಾರ್ಬ್ಯುರೇಟರ್ ಇದ್ದ ಹಳೇ ಮಾರುತಿ 800ರ ಕಾಲದಲ್ಲಿ ಅದು ಸರಿಯಾದ ಮಾತೇ. ಈಗಿನ ಗಾಡಿಗೆ ಅರ್ಧ ನಿಮಿಷ ಸಾಕು. ಆಮೇಲಿನ ಐದಾರು ಕಿಲೋಮೀಟರ್ ಹೇಗೆ ಓಡಿಸುತ್ತೀರಿ ಎನ್ನುವುದರ ಮೇಲೆ ಎಂಜಿನ್ನಿನ ಆಯುಷ್ಯ ನಿಂತಿದೆ.

ಹಳೇ ಗಾಡಿಗೆ ಯಾಕೆ ಅಷ್ಟು ಹೊತ್ತು ಬೇಕಿತ್ತು ಎಂಬುದನ್ನು ತಿಳಿದುಕೊಂಡರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಕಾರ್ಬ್ಯುರೇಟರ್ ಗಾಳಿಯ ಸೆಳೆತದಲ್ಲಿ ಪೆಟ್ರೋಲ್ ಎಳೆದು ಕಳಿಸುತ್ತಿತ್ತು. ತಣ್ಣಗಿನ ಕೊಳವೆಯ ಗೋಡೆಗೆ ಅದು ಹನಿಯಾಗಿ ಅಂಟಿಕೊಂಡು, ಸಿಲಿಂಡರ್‌ಗೆ ಮುಟ್ಟುವ ಆವಿ ಕಡಿಮೆಯಾಗುತ್ತಿತ್ತು. ಅದಕ್ಕೇ ಚೋಕ್ ಎಳೆದು ಗಾಳಿ ಕಟ್ಟಿ ಪೆಟ್ರೋಲ್ ಜಾಸ್ತಿ ಮಾಡುವುದು, ಎಂಜಿನ್ ಬಿಸಿಯಾಗುತ್ತಾ ಬಂದ ಹಾಗೆ ಸ್ವಲ್ಪ ಸ್ವಲ್ಪವೇ ಒಳಗೆ ತಳ್ಳುವುದು. ಅವಸರ ಮಾಡಿ ಹೊರಟರೆ ಅಂಗಳದ ತುದಿಯಲ್ಲೇ ಗಾಡಿ ಆಫ್. ಈಗ ಆ ಕೆಲಸ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ನದು. ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲಂಟ್‌ನಲ್ಲಿ ಮುಳುಗಿರುವ ಒಂದು ಸಣ್ಣ ಸೆನ್ಸರ್ ಎಂಜಿನ್ ಎಷ್ಟು ತಣ್ಣಗಿದೆ ಎಂದು ಕಂಪ್ಯೂಟರ್‌ಗೆ ತಿಳಿಸುತ್ತದೆ, ಕಂಪ್ಯೂಟರ್ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಹೆಚ್ಚಿಗೆ ಬಿಡುತ್ತದೆ, ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತನ್ನು (ಆರ್‌ಪಿಎಂ) ತಾನೇ ಏರಿಸುತ್ತದೆ. ಶಿರಸಿಯ ಜನವರಿ ಬೆಳಿಗ್ಗೆ 12ರಿಂದ 15 ಡಿಗ್ರಿ, ಒಂದೊಂದು ದಿನ ಅದಕ್ಕಿಂತ ಕೆಳಗೆ. ನಮಗೆ ಕಂಬಳಿ ಬೇಕಾದ ಚಳಿ, ಆದರೆ ಎಂಜಿನ್ನಿನ ಲೆಕ್ಕದಲ್ಲಿ ಇದು ಚಳಿಯೇ ಅಲ್ಲ.

ಹಾಗಾದರೆ ಆ ಅರ್ಧ ನಿಮಿಷವೂ ಯಾಕೆ? ಆಯಿಲ್‌ಗೋಸ್ಕರ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಆಯಿಲ್ ಬಹುಪಾಲು ಕೆಳಗಿನ ಸಂಪ್‌ಗೆ ಇಳಿದಿರುತ್ತದೆ. ಸೆಲ್ಫ್ ಹೊಡೆದ ಕ್ಷಣದಲ್ಲಿ ಬೇರಿಂಗ್ ಮತ್ತು ಕ್ಯಾಮ್‌ಗಳ ಮೇಲೆ ಹಿಂದಿನ ದಿನದ ತೆಳು ಪದರವಷ್ಟೇ ಇರುತ್ತದೆ. ಪಂಪ್ ಅದನ್ನು ಮೇಲಕ್ಕೆ ಮುಟ್ಟಿಸಲು ಕೆಲವು ಸೆಕೆಂಡ್ ಹಿಡಿಯುತ್ತದೆ, ಎಂಜಿನ್ ಸವೆತದಲ್ಲಿ ದೊಡ್ಡ ಪಾಲು ಆ ಹೊತ್ತಿನದು. ಚಳಿಯಲ್ಲಿ ಆಯಿಲ್ ದಪ್ಪ. 40 ಡಿಗ್ರಿಯಲ್ಲಿರುವಾಗಲೇ ಅದು 100 ಡಿಗ್ರಿಯಲ್ಲಿ ಇರುವುದಕ್ಕಿಂತ ಆರು ಪಟ್ಟು ಗಟ್ಟಿ. 15 ಡಿಗ್ರಿಯಲ್ಲಿ ಕೇಳುವುದೇ ಬೇಡ, ಜೋನಿ ಬೆಲ್ಲ ಸುರಿದ ಹಾಗೆ. ಡಬ್ಬದ ಮೇಲೆ 5ಡಬ್ಲ್ಯು-30 ಎಂದು ಬರೆದಿರುತ್ತದಲ್ಲ, ಅದರಲ್ಲಿ ಡಬ್ಲ್ಯು ಅಂದರೆ ವಿಂಟರ್. ಅದಕ್ಕಿಂತ ಮೊದಲು ಬರುವ ಅಂಕಿ ಕಡಿಮೆಯಾದಷ್ಟೂ ಚಳಿಯಲ್ಲಿ ಆಯಿಲ್ ಬೇಗ ಹರಿಯುತ್ತದೆ. ಮ್ಯಾನುಯಲ್‌ನಲ್ಲಿ 0ಡಬ್ಲ್ಯು-20 ಅಥವಾ 5ಡಬ್ಲ್ಯು-30 ಎಂದಿದ್ದ ಗಾಡಿಗೆ ‘ಘಟ್ಟಕ್ಕೆ ದಪ್ಪ ಆಯಿಲೇ ಒಳ್ಳೇದು’ ಎಂದು ಯಾರೋ ಹೇಳಿದರೆಂದು 20ಡಬ್ಲ್ಯು-50 ಹಾಕಿಸಬೇಡಿ. ಘಟ್ಟ ಹತ್ತುವುದು ಅರ್ಧ ಗಂಟೆ, ತಣ್ಣಗೆ ಸ್ಟಾರ್ಟ್ ಮಾಡುವುದು ದಿನಾ ಬೆಳಿಗ್ಗೆ.

ಕೀಲಿ ತಿರುಗಿಸುವ ಮುಂಚೆ, ತಿರುಗಿಸಿದ ಮೇಲೆ

ಮೊದಲು ಬಾನೆಟ್ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿ. ರಾತ್ರಿ ಬಿಸಿ ಎಂಜಿನ್ ಹುಡುಕಿಕೊಂಡು ಬೆಕ್ಕು ಬಂದು ಮಲಗಿರುತ್ತದೆ. ಬೆಲ್ಟ್ ತಿರುಗಿದರೆ ಅದರ ಗತಿ ಮುಗಿಯಿತು. ತೋಟದ ಮನೆಗಳಲ್ಲಿ ಇಲಿಯೂ ಇರುತ್ತದೆ, ಅದರ ಹಿಂದೆ ಹಾವೂ ಇರಬಹುದು. ವಾರಕ್ಕೊಮ್ಮೆ ಬಾನೆಟ್ ಎತ್ತಿ ವೈರ್ ಕಡಿದಿದೆಯೇ, ಬ್ಯಾಟರಿ ಪಕ್ಕ ದರಕು, ಅಡಿಕೆ ಸಿಪ್ಪೆ ತಂದು ಗುಡ್ಡೆ ಹಾಕಿದೆಯೇ ನೋಡಿ. ಹೊಗೆಸೊಪ್ಪಿನ ಎಲೆ ಕಟ್ಟುವವರಿದ್ದಾರೆ. ಘಾಟು ಇರುವವರೆಗೆ ಅದು ಕೆಲಸ ಮಾಡುತ್ತದೆ, ವಾಸನೆ ಹೋದ ಮೇಲೆ ಇಲಿಗೆ ಅದೇ ಹಾಸಿಗೆ. ಕಟ್ಟುವುದಾದರೆ ಸೈಲೆನ್ಸರ್ ಕೊಳವೆಯಿಂದ ದೂರ ಕಟ್ಟಿ.

ಎಸಿ, ಫ್ಯಾನ್, ಹೆಡ್‌ಲೈಟ್ ಎಲ್ಲ ಆಫ್ ಇರಲಿ. ಇಗ್ನಿಷನ್ ಆನ್ ಮಾಡಿ ಎರಡು ಸೆಕೆಂಡ್ ಸುಮ್ಮನಿರಿ. ಪೆಟ್ರೋಲ್ ಪಂಪ್ ‘ಸುಂಯ್’ ಎಂದು ಒತ್ತಡ ಏರಿಸಿಕೊಳ್ಳುವ ಸದ್ದು ಹಿಂದಿನ ಸೀಟಿನ ಕೆಳಗಿನಿಂದ ಕೇಳಿಸುತ್ತದೆ. ಕ್ಲಚ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ಕ್ಲಚ್ ಒತ್ತಿದರೆ ಗೇರ್‌ಬಾಕ್ಸಿನ ದಪ್ಪ ಆಯಿಲ್ ಕಲಕುವ ಭಾರ ಸ್ಟಾರ್ಟರ್ ಮೇಲೆ ಬೀಳುವುದಿಲ್ಲ. ಎಕ್ಸಲೇಟರ್ ಮುಟ್ಟಬೇಡಿ. ಇಂಜೆಕ್ಷನ್ ಗಾಡಿಗೆ ಪೆಡಲ್ ತುಳಿದು ಪೆಟ್ರೋಲ್ ಕೊಡುವ ಅಭ್ಯಾಸ ಹಳೇ ಕಾಲದ ಉಳಿಕೆ.

ಸ್ಟಾರ್ಟ್ ಆದ ಕೂಡಲೇ ಎರಡು ಕಡೆ ಕಣ್ಣಿಡಿ. ಮೊದಲನೆಯದು ಎಣ್ಣೆ ಗಿಂಡಿಯ ಚಿತ್ರದ ಕೆಂಪು ದೀಪ. ಎರಡು ಮೂರು ಸೆಕೆಂಡಿನಲ್ಲಿ ಅದು ಆರಬೇಕು. ಆರದಿದ್ದರೆ ಗಾಡಿ ಆಫ್ ಮಾಡಿ ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ನೋಡಿ, ‘ಸ್ವಲ್ಪ ಬಿಸಿಯಾದರೆ ಹೋಗಬಹುದು’ ಎಂದು ಕಾಯಬೇಡಿ. ಎರಡನೆಯದು ಆರ್‌ಪಿಎಂ ಮುಳ್ಳು. ತಣ್ಣಗಿನ ಬೆಳಿಗ್ಗೆ ಅದು 1,200ರಿಂದ 1,500ರವರೆಗೆ ಹಾರಿ ನಿಲ್ಲುತ್ತದೆ, ಎಂಜಿನ್ ಸದ್ದೂ ಸ್ವಲ್ಪ ಜೋರು. ಇಪ್ಪತ್ತು ಮೂವತ್ತು ಸೆಕೆಂಡಿನಲ್ಲಿ ಮುಳ್ಳು ಕೆಳಗೆ ಸರಿಯಲು ಶುರುಮಾಡುತ್ತದೆ, ಸದ್ದು ಮೆತ್ತಗಾಗುತ್ತದೆ. ಅದೇ ಹೊರಡುವ ಸೂಚನೆ. ಗಡಿಯಾರ ನೋಡುವುದಕ್ಕಿಂತ ಈ ಮುಳ್ಳು ನೋಡುವುದು ಮೇಲು. ಪೂರ್ತಿ ಬಿಸಿಯಾದ ಮೇಲೆ ಅದು 700–800ರಲ್ಲಿ ನಿಲ್ಲುತ್ತದೆ. ಅಲ್ಲಿಗೆ ಬರುವವರೆಗೂ ಅಂಗಳದಲ್ಲೇ ಕಾಯುವ ಅಗತ್ಯವಿಲ್ಲ.

ಕಾದರೆ ಏನು ನಷ್ಟ? ನಿಂತಲ್ಲೇ ಓಡುವ ಎಂಜಿನ್‌ಗೆ ಕೆಲಸವಿಲ್ಲ, ಕೆಲಸವಿಲ್ಲದ್ದರಿಂದ ಶಾಖವೂ ಕಡಿಮೆ. ಹೀಗಾಗಿ ಹೆಚ್ಚಿನ ಪೆಟ್ರೋಲ್ ಬಿಡುವ ಹಂತ ಉದ್ದವಾಗುತ್ತದೆ. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ಪದರವನ್ನು ತೊಳೆದು ಪಿಸ್ಟನ್ ರಿಂಗ್ ದಾಟಿ ಸಂಪ್‌ಗೆ ಇಳಿಯುತ್ತದೆ, ಆಯಿಲ್ ತೆಳ್ಳಗಾಗುತ್ತದೆ. ಸ್ಪಾರ್ಕ್ ಪ್ಲಗ್ ಮೇಲೆ ಮಸಿ ಕೂರುತ್ತದೆ. ಸೈಲೆನ್ಸರ್‌ನ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ 250–300 ಡಿಗ್ರಿ ಮುಟ್ಟುವವರೆಗೆ ಕೆಲಸವನ್ನೇ ಶುರುಮಾಡುವುದಿಲ್ಲ. ಅಷ್ಟರತನಕದ ವಿಷದ ಹೊಗೆ ನೇರ ಜಗುಲಿಗೆ. ಇನ್ನು ಖರ್ಚು: ಸಣ್ಣ ಪೆಟ್ರೋಲ್ ಎಂಜಿನ್ ನಿಂತಲ್ಲಿ ಗಂಟೆಗೆ ಅರ್ಧ ಲೀಟರ್‌ನಿಂದ ಒಂದು ಲೀಟರ್ ಕುಡಿಯುತ್ತದೆ, ತಣ್ಣಗಿರುವಾಗ ಇನ್ನೂ ಹೆಚ್ಚು. ದಿನಕ್ಕೆ ಹತ್ತು ನಿಮಿಷವೆಂದರೆ ತಿಂಗಳಿಗೆ ನಾಲ್ಕೈದು ಲೀಟರ್ ಹೋದಂತೆ.

ತೋಟದ ಮನೆಯಿಂದ ರಸ್ತೆಗೆ ಏರು ಇದ್ದರೆ

ಮೇಲೆ ಹೇಳಿದ್ದೆಲ್ಲ ಸಮತಟ್ಟು ರಸ್ತೆಯ ಬದಿಯ ಮನೆಗೆ ಸರಿ. ಶಿರಸಿ, ಸಿದ್ದಾಪುರ ಕಡೆಯ ಎಷ್ಟೋ ಮನೆ ಇರುವುದು ಕಣಿವೆಯಲ್ಲಿ, ತೋಟದ ತಲೆಯ ಮೇಲೆ. ಅಂಗಳ ದಾಟಿದ್ದೇ ಇನ್ನೂರು ಮುನ್ನೂರು ಮೀಟರ್ ಕಡಿದಾದ ಮಣ್ಣು ರಸ್ತೆ, ಇಬ್ಬನಿಗೆ ನೆನೆದ ದರಕಿನ ಮೇಲೆ ಚಕ್ರ ಜಾರುತ್ತದೆ. ತಣ್ಣಗಿನ ಎಂಜಿನ್‌ಗೆ ಹೊರಟ ಕೂಡಲೇ ಪೂರ್ತಿ ಭಾರ. ಪಿಸ್ಟನ್ ಅಲ್ಯೂಮಿನಿಯಂನದು, ಬೇಗ ಹಿಗ್ಗುತ್ತದೆ. ಸುತ್ತಲಿನ ಬ್ಲಾಕ್ ನಿಧಾನ. ಆಯಿಲ್ ಇನ್ನೂ ದಪ್ಪಗಿರುವಾಗ ಎಂಜಿನ್ ದುಡಿಸಿದರೆ ಸವೆತ ಆಗುವುದು ಇಲ್ಲೇ.

ಇಂಥ ಮನೆಯವರು ಒಂದೂವರೆ ಎರಡು ನಿಮಿಷ ಕಾಯುವುದು ಸರಿ. ಮುಳ್ಳು 1,000ದ ಹತ್ತಿರ ಇಳಿಯಲಿ. ಎಸಿ ಆಫ್. ಫಸ್ಟ್ ಗೇರಿನಲ್ಲಿ 2,000ದ ಆಸುಪಾಸು ಹಿಡಿದು ಒಂದೇ ಸಮ ಹತ್ತಿ. ಎರಡು ತಪ್ಪು ಎಲ್ಲರೂ ಮಾಡುವಂಥವು. ಒಂದು, ಪೆಟ್ರೋಲ್ ಉಳಿಸಲೆಂದು ಅರ್ಧದಲ್ಲೇ ಸೆಕೆಂಡ್ ಗೇರ್ ಹಾಕಿ ಎಂಜಿನ್ ‘ಗುದು ಗುದು’ ಎಂದು ಏದುಸಿರು ಬಿಡುವಂತೆ ಮಾಡುವುದು. ಕಡಿಮೆ ಆರ್‌ಪಿಎಂನಲ್ಲಿ ಹೆಚ್ಚು ಭಾರ ಬಿದ್ದರೆ ಬೇರಿಂಗಿನ ಆಯಿಲ್ ಪದರ ಕಡಿದುಹೋಗುತ್ತದೆ. ಇನ್ನೊಂದು, ಓಟ ತೆಗೆದುಕೊಂಡು 4,000ಕ್ಕೆ ಏರಿಸಿ ಒಂದೇ ಉಸಿರಿಗೆ ಹತ್ತಿಸುವುದು. ಎರಡಕ್ಕಿಂತಲೂ ಸುಲಭದ ದಾರಿ ಇದೆ: ರಾತ್ರಿಯೇ ಗಾಡಿಯನ್ನು ಏರಿನ ಮೇಲೆ ನಿಲ್ಲಿಸಿ, ಬೆಳಿಗ್ಗೆ ನೀವು ಹತ್ತಿ. ಬಿಸಿಯಾಗಬೇಕಾದ್ದು ಗಾಡಿ ಒಂದೇ ಅಲ್ಲವಲ್ಲ.

ಘಟ್ಟದ ಬುಡದಲ್ಲಿ ರಾತ್ರಿ ಉಳಿದವರಿಗೂ ಇದೇ ಲೆಕ್ಕ. ಕುಮಟಾ ಪೇಟೆಯಿಂದ ಹೊರಟರೆ ದೇವಿಮನೆ ಘಟ್ಟ ಸಿಗುವಷ್ಟರಲ್ಲಿ ಎಂಜಿನ್ ಹದಕ್ಕೆ ಬಂದಿರುತ್ತದೆ, ಅಂಕೋಲೆಯಿಂದ ಅರಬೈಲು ಘಟ್ಟಕ್ಕೂ ಹಾಗೇ. ಏರಿನ ಬುಡದಲ್ಲೇ ಗಾಡಿ ತೆಗೆಯುವವರು ಮೊದಲ ನಾಲ್ಕೈದು ತಿರುವು ಲಾರಿಯ ಹಿಂದೆಯೇ ಹೋದರೆ ನಷ್ಟವಿಲ್ಲ.

ಸಮತಟ್ಟಿನಲ್ಲಿ ಹೊರಟವರು ಮೊದಲ ಐದು ಕಿಲೋಮೀಟರ್ ಪೆಟ್ರೋಲ್ ಗಾಡಿಯನ್ನು 2,500, ಡೀಸೆಲ್ ಗಾಡಿಯನ್ನು 2,000 ದಾಟಿಸಬೇಡಿ. ಹಲವು ಸಣ್ಣ ಕಾರುಗಳಲ್ಲಿ ಎಂಜಿನ್ ಬಿಸಿ ತೋರಿಸುವ ಮುಳ್ಳಿನ ಬದಲು ನೀಲಿ ದೀಪ ಇರುತ್ತದೆ. ಅದು ಆರುವವರೆಗೆ ಓವರ್‌ಟೇಕ್ ಸಾಹಸ ಬೇಡ. ದೀಪ ಆರಿತು, ಮುಳ್ಳು ನಡುವಿಗೆ ಬಂತು ಎಂದ ಮಾತ್ರಕ್ಕೆ ಎಲ್ಲವೂ ಬಿಸಿಯಾಗಿದೆ ಎಂದಲ್ಲ. ಅದು ಕೂಲಂಟಿನ ಲೆಕ್ಕ, ಆಯಿಲ್ ಇನ್ನೂ ಹಿಂದೆ ಇರುತ್ತದೆ, ಅದು ಹದಕ್ಕೆ ಬರಲು ಹತ್ತು ಹದಿನೈದು ಕಿಲೋಮೀಟರ್ ಬೇಕು. ಸೆಕೆಂಡ್ ಗೇರ್ ಬೆಳಿಗ್ಗೆ ಬಿಗಿ ಅನ್ನಿಸುವುದು ಗೇರ್‌ಬಾಕ್ಸ್ ಆಯಿಲ್ ದಪ್ಪಗಿರುವುದರಿಂದ. ಜಬರದಸ್ತಿ ಮಾಡದೆ ಒಂದು ಕ್ಷಣ ನ್ಯೂಟ್ರಲ್‌ನಲ್ಲಿ ತಡೆದು ಹಾಕಿದರೆ ಬೀಳುತ್ತದೆ.

ಡೀಸೆಲ್ ಗಾಡಿ

ಡೀಸೆಲ್‌ಗೆ ಸ್ಪಾರ್ಕ್ ಇಲ್ಲ, ಒತ್ತಿದ ಗಾಳಿಯ ಬಿಸಿಗೇ ಹೊತ್ತಿಕೊಳ್ಳಬೇಕು. ತಣ್ಣಗಿನ ಸಿಲಿಂಡರ್ ಆ ಬಿಸಿಯನ್ನು ಕುಡಿದುಬಿಡುತ್ತದೆ. ಅದಕ್ಕೇ ಪ್ರತಿ ಸಿಲಿಂಡರ್‌ಗೆ ಒಂದೊಂದು ಗ್ಲೋ ಪ್ಲಗ್, ಗ್ಯಾರೇಜಿನ ಭಾಷೆಯಲ್ಲಿ ಹೀಟರ್ ಪ್ಲಗ್. ಕೀಲಿ ಆನ್ ಮಾಡಿದಾಗ ಸುರುಳಿ ತಂತಿಯ ಹಾಗೆ ಹಳದಿ ದೀಪ ಬರುತ್ತದೆ. ಅದು ಆರಿದ ಮೇಲೆಯೇ ಸೆಲ್ಫ್ ಹೊಡೆಯಿರಿ, ನಮ್ಮ ಚಳಿಗೆ ಕೆಲವೇ ಸೆಕೆಂಡ್ ಸಾಕು. ನಾಲ್ಕರಲ್ಲಿ ಒಂದು ಪ್ಲಗ್ ಸತ್ತರೂ ಗಾಡಿ ಸ್ಟಾರ್ಟ್ ಆಗುತ್ತದೆ, ಆದರೆ ಮೊದಲ ಅರ್ಧ ನಿಮಿಷ ಒಂದು ಕಾಲು ಕುಂಟಿದ ಹಾಗೆ ನಡುಗಿ ಬಿಳಿ ಹೊಗೆ ಉಗುಳುತ್ತದೆ. ಬೇಸಿಗೆಯಲ್ಲಿ ಗೊತ್ತೇ ಆಗದ ಈ ದೋಷ ಸಂಕ್ರಾಂತಿ ಹೊತ್ತಿಗೆ ಹೊರಬೀಳುತ್ತದೆ.

ಬಿಎಸ್-6 (ಹೊಗೆಯ ಹೊಸ ನಿಯಮದ) ಡೀಸೆಲ್ ಗಾಡಿ ಇದ್ದವರು ಇನ್ನೂ ಒಂದು ತಿಳಿದಿರಬೇಕು. ಸೈಲೆನ್ಸರ್‌ನಲ್ಲಿರುವ ಡಿಪಿಎಫ್ ಎಂಬ ಮಸಿ ಸೋಸುವ ಜಾಲರಿ ತನ್ನೊಳಗಿನ ಮಸಿ ಸುಟ್ಟುಕೊಳ್ಳಲು 600 ಡಿಗ್ರಿಯಷ್ಟು ಶಾಖ ಬೇಡುತ್ತದೆ. ಅಂಗಳದಲ್ಲಿ ಹತ್ತು ನಿಮಿಷ ನಿಲ್ಲಿಸಿ, ಪೇಟೆಗೆ ಮೂರು ಕಿಲೋಮೀಟರ್ ಹೋಗಿ, ತಿರುಗಿ ಬಂದು ನಿಲ್ಲಿಸುವ ಗಾಡಿಯಲ್ಲಿ ಮಸಿ ತುಂಬುತ್ತಲೇ ಹೋಗುತ್ತದೆ. ವಾರಕ್ಕೊಮ್ಮೆ ಹುಬ್ಬಳ್ಳಿ ರಸ್ತೆಯಲ್ಲೋ ಕರಾವಳಿಯ 66ನೇ ಹೆದ್ದಾರಿಯಲ್ಲೋ ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿ.

ಸ್ಟಾರ್ಟ್ ಆಗದಿದ್ದರೆ

ಹತ್ತು ಸೆಕೆಂಡಿಗಿಂತ ಹೆಚ್ಚು ಒಂದೇ ಸಮನೆ ಸೆಲ್ಫ್ ಹೊಡೆಯಬೇಡಿ. ಅರ್ಧ ನಿಮಿಷ ಬಿಟ್ಟು ಮತ್ತೆ. ಮೂರು ಸಲಕ್ಕೂ ಆಗದಿದ್ದರೆ ಸದ್ದು ಏನು ಹೇಳುತ್ತದೆ ಕೇಳಿ. ‘ಟಕ್ ಟಕ್ ಟಕ್’ ಎಂದು ಬಡಿದುಕೊಂಡು ಮೀಟರ್ ದೀಪ ಮಂಕಾದರೆ ಬ್ಯಾಟರಿ ಅಥವಾ ಟರ್ಮಿನಲ್. ಜೋರಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಪೆಟ್ರೋಲ್ ಅಥವಾ ಸ್ಪಾರ್ಕ್. ಆಗ ಬ್ಯಾಟರಿ ಬದಲಿಸಿ ಪ್ರಯೋಜನವಿಲ್ಲ.

ಬ್ಯಾಟರಿಯನ್ನು ಕೊಲ್ಲುವುದು ಬೇಸಿಗೆಯ ಸೆಕೆ, ಸುದ್ದಿ ಹೊರಬೀಳುವುದು ಚಳಿಯಲ್ಲಿ. ಮುನ್ನೂರು ರೂಪಾಯಿಯ ಮಲ್ಟಿಮೀಟರ್ ಮನೆಯಲ್ಲಿದ್ದರೆ ಊಹೆ ಬೇಡ. ರಾತ್ರಿ ನಿಂತ ಗಾಡಿಯಲ್ಲಿ ಬೆಳಿಗ್ಗೆ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್; 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಾದರೆ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಅದರ ಕಾಲ ಮುಗಿಯುತ್ತಾ ಬಂದಿದೆ. ಎಂಜಿನ್ ಓಡುವಾಗ 13.8ರಿಂದ 14.5 ತೋರಿಸಬೇಕು, ಇಲ್ಲದಿದ್ದರೆ ತಪ್ಪು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನದು.

ಕಾರವಾರ, ಅಂಕೋಲೆ, ಹೊನ್ನಾವರ, ಭಟ್ಕಳದವರಿಗೆ ಚಳಿ ನೆಪ ಮಾತ್ರ. ಅಲ್ಲಿ ಜನವರಿಯ ಬೆಳಗೂ 20 ಡಿಗ್ರಿಯ ಆಸುಪಾಸು. ಬೆಳಿಗ್ಗೆ ಗಾಡಿ ನಿಧಾನ ತಿರುಗುತ್ತಿದೆ ಎಂದರೆ ಹತ್ತರಲ್ಲಿ ಹಲವು ಸಲ ಅದು ಉಪ್ಪುಗಾಳಿಯ ಕೆಲಸ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿರುತ್ತದೆ. ಮೊದಲು ಕಪ್ಪು ವೈರ್, ಆಮೇಲೆ ಕೆಂಪು ಬಿಚ್ಚಿ, ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಒರೆಸಿ ಒಣಗಿಸಿ, ಕೆಂಪು ಮೊದಲು ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿ. ಹೀಗೆ ಮಾಡಿಯೂ ನಿಧಾನವೇ ಆದರೆ ಎಂಜಿನ್ನಿಂದ ಗಾಡಿಯ ಮೈಗೆ ಹೋಗುವ ಅರ್ಥ್ ಪಟ್ಟಿ ನೋಡಿ. ಮೀಟರ್‌ನ ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಹಿಡಿದು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. 0.2–0.3 ವೋಲ್ಟ್ ಸಹಜ, ಅರ್ಧ ವೋಲ್ಟ್ ದಾಟಿದರೆ ಆ ಪಟ್ಟಿ ಒಳಗೇ ತುಕ್ಕು ಹಿಡಿದಿದೆ. ಆರೇಳು ಸಾವಿರದ ಹೊಸ ಬ್ಯಾಟರಿ ಕೊಂಡ ಮೇಲೆ ಇದು ಗೊತ್ತಾಗುವುದು ಬಹಳ ಮಂದಿಯ ಅನುಭವ.

ಪಕ್ಕದ ಮನೆಯ ಗಾಡಿಯಿಂದ ಜಂಪ್ ಕೊಡುವಾಗ ಕ್ರಮ ತಪ್ಪಿಸಬೇಡಿ: ಕೆಂಪು ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯದರ ಪ್ಲಸ್‌ಗೆ, ಕಪ್ಪು ಒಳ್ಳೆಯದರ ಮೈನಸ್‌ಗೆ, ಕೊನೆಯ ತುದಿ ಸತ್ತ ಗಾಡಿಯ ಎಂಜಿನ್ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕಿಡಿ ಹಾರಿದರೆ ಬ್ಯಾಟರಿಯ ಅನಿಲಕ್ಕೆ ತಗಲದಿರಲಿ ಎಂದು ಹೀಗೆ. ಬಿಚ್ಚುವಾಗ ತಿರುಗುಮುರುಗು. ಇಳಿಜಾರಿನಲ್ಲಿ ಉರುಳಿಸಿ ಸ್ಟಾರ್ಟ್ ಮಾಡುವುದು ನಮ್ಮ ಕಡೆ ಹಳೇ ವಿದ್ಯೆ, ಆದರೆ ಎಂಜಿನ್ ಹತ್ತುವವರೆಗೆ ಬ್ರೇಕ್ ಕಲ್ಲಿನ ಹಾಗೆ, ಸ್ಟಿಯರಿಂಗ್ ಬಿಗಿ ಎಂಬುದು ನೆನಪಿರಲಿ. ಆಟೋಮ್ಯಾಟಿಕ್ ಗಾಡಿಗೆ ಅದು ಆಗುವುದೂ ಇಲ್ಲ.

ಗಾಜು, ಹೊಗೆ, ಬೆಣ್ಣೆ

ಗಾಜಿನ ಹೊರಗಿನ ಇಬ್ಬನಿಗೆ ವೈಪರ್ ಸಾಕು. ಒಳಗಿನ ಮಸುಕು ನಮ್ಮ ಉಸಿರಿನದು. ಅದಕ್ಕೆ ಗಾಳಿಯನ್ನು ಗಾಜಿನತ್ತ ತಿರುಗಿಸಿ, ಎಸಿ ಆನ್ ಮಾಡಿ, ಬಿಸಿಯ ಗುಂಡಿಯನ್ನೂ ತಿರುಗಿಸಿ, ಹೊರಗಿನ ಗಾಳಿ ಒಳಬರುವಂತೆ ಇಡಿ. ಎಸಿ ಗಾಳಿಯ ಪಸೆ ತೆಗೆಯುತ್ತದೆ, ಹೀಟರ್ ಗಾಜು ಬೆಚ್ಚಗಿಡುತ್ತದೆ. ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಒತ್ತಿಟ್ಟರೆ ಮಸುಕು ಹೋಗುವುದೇ ಇಲ್ಲ. ಬಚ್ಚಲ ಹಂಡೆಯ ಬಿಸಿನೀರು ಗಾಜಿಗೆ ಸುರಿಯುವುದು ಬೇಡವೇ ಬೇಡ, ಕಣ್ಣಿಗೆ ಕಾಣದ ಕಲ್ಲೇಟಿನ ಗೀರು ಅಲ್ಲೇ ಉದ್ದಕ್ಕೆ ಸೀಳುತ್ತದೆ.

ಬೆಳಿಗ್ಗೆ ಸೈಲೆನ್ಸರ್‌ನಿಂದ ಬಿಳಿ ಹೊಗೆ, ತುದಿಯಲ್ಲಿ ನೀರಿನ ಹನಿ ಕಂಡರೆ ಹೆದರಬೇಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚೂಕಡಿಮೆ ಒಂದು ಲೀಟರ್ ನೀರೇ ಆವಿಯಾಗಿ ಬರುತ್ತದೆ, ತಣ್ಣಗಿನ ಕೊಳವೆಯಲ್ಲಿ ಅದು ಹನಿಯಾಗುತ್ತದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಸಿಹಿ ವಾಸನೆ ಬಂದು, ಕೂಲಂಟ್ ಕಡಿಮೆಯಾಗುತ್ತಿದ್ದರೆ ಅದು ಬೇರೆ ಕಥೆ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ.

ಆಯಿಲ್ ಮುಚ್ಚಳದ ಒಳಮೈಯಲ್ಲಿ ಕಡೆದ ಮಜ್ಜಿಗೆಯ ಮೇಲೆ ತೇಲುವ ಬೆಣ್ಣೆಯಂಥದ್ದು ಕಂಡರೆ ಡಿಪ್‌ಸ್ಟಿಕ್ ಎಳೆದು ನೋಡಿ. ಅಲ್ಲಿ ಆಯಿಲ್ ಸ್ವಚ್ಛವಿದ್ದರೆ ಸಣ್ಣ ಸಣ್ಣ ಓಡಾಟದಲ್ಲಿ ಕೂಡಿದ ಪಸೆ ಅಷ್ಟೇ, ಒಂದು ಸಲ ಕುಮಟೆಗೆ ಹೋಗಿ ಬಂದರೆ ಆವಿಯಾಗಿ ಹೋಗುತ್ತದೆ. ಡಿಪ್‌ಸ್ಟಿಕ್‌ನಲ್ಲೂ ಅದೇ ಬಣ್ಣವಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ಕೂಲಂಟ್ ಆಯಿಲ್ ಜೊತೆ ಬೆರೆತಿದೆ. ಗಾಡಿ ಓಡಿಸದೆ ಮೆಕ್ಯಾನಿಕ್ ಕರೆಸಿ.

ಹದಿನೈದು ಕಿಲೋಮೀಟರ್ ಹೋದರೂ ಬಿಸಿ ತೋರಿಸುವ ಮುಳ್ಳು ಮೇಲೇಳದಿದ್ದರೆ ಥರ್ಮೋಸ್ಟಾಟ್ ವಾಲ್ವ್ ತೆರೆದಲ್ಲೇ ಸಿಕ್ಕಿಕೊಂಡಿದೆ, ಇಲ್ಲವೇ ಯಾರೋ ತೆಗೆದೇ ಬಿಟ್ಟಿದ್ದಾರೆ. ಘಟ್ಟದಲ್ಲಿ ಹೀಟ್ ಆಗದಿರಲೆಂದು ಅದನ್ನು ಕಿತ್ತು ಹಾಕುವುದು ಒಂದು ಕಾಲದಲ್ಲಿ ಗ್ಯಾರೇಜುಗಳ ಮಾಮೂಲಿ ಉಪಾಯ, ಸೆಕೆಂಡ್‌ಹ್ಯಾಂಡ್ ಗಾಡಿಗಳಲ್ಲಿ ಈಗಲೂ ಸಿಗುತ್ತದೆ. ಅದು ಮಾಡುವ ಕೆಲಸ 82–88 ಡಿಗ್ರಿಯವರೆಗೆ ಕೂಲಂಟನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವುದು. ಅದಿಲ್ಲದ ಎಂಜಿನ್ ಅಂಗಳದಲ್ಲಿ ಅರ್ಧ ಗಂಟೆ ನಿಂತರೂ ಹದಕ್ಕೆ ಬರುವುದಿಲ್ಲ, ಕಂಪ್ಯೂಟರ್ ದಿನವಿಡೀ ಹೆಚ್ಚು ಪೆಟ್ರೋಲ್ ಬಿಡುತ್ತಲೇ ಇರುತ್ತದೆ. ಹೀಟ್ ಆಗುವ ಗಾಡಿಗೆ ರೇಡಿಯೇಟರ್, ಫ್ಯಾನ್, ಕೂಲಂಟ್ ನೋಡಿಸಿ. ವಾಲ್ವ್ ಅದರ ಜಾಗದಲ್ಲಿರಲಿ.

ಶೆಡ್ಡಿನಲ್ಲಿ ಸ್ಟಾರ್ಟ್ ಮಾಡುವವರಿಗೆ

ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಒಂದು ನಿಮಿಷವೂ ಎಂಜಿನ್ ಓಡಿಸಬೇಡಿ. ತಣ್ಣಗಿನ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹೆಚ್ಚು, ಅದಕ್ಕೆ ವಾಸನೆಯಿಲ್ಲ. ತಲೆನೋವು, ತಲೆಸುತ್ತು ಬಂತೆನ್ನುವಷ್ಟರಲ್ಲಿ ಕಾಲಿನ ಶಕ್ತಿ ಹೋಗಿರುತ್ತದೆ. ಶೆಡ್ ಮನೆಗೆ ತಾಗಿದ್ದರೆ ಹೊಗೆ ಒಳಕೋಣೆಗೂ ನುಗ್ಗುತ್ತದೆ. ಬಾಗಿಲು ತೆರೆದು, ಸ್ಟಾರ್ಟ್ ಮಾಡಿದ ಕೂಡಲೇ ಗಾಡಿ ಹೊರಗೆ ತಂದು ಅಂಗಳದಲ್ಲಿ ಆ ಅರ್ಧ ನಿಮಿಷ ನಿಲ್ಲಿಸಿ. ಪೇಟೆಯವರು ರಸ್ತೆ ಬದಿಯಲ್ಲಿ ಸ್ಟಾರ್ಟ್ ಮಾಡಿಟ್ಟು ಒಳಗೆ ಹೋಗುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಮಿನ ಪ್ರಕಾರ ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇದ್ದವರು ಇರಬೇಕು, ಇಲ್ಲವೇ ಎಂಜಿನ್ ಆಫ್ ಮಾಡಿ ಬ್ರೇಕ್ ಹಾಕಿರಬೇಕು.

ಇನ್ನು ಸಂಜೆಯ ಮಾತು. ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಚಕ್ರ) ಇರುವ ಗಾಡಿಯಲ್ಲಿ ಘಟ್ಟ ಹತ್ತಿ ಬಂದು ಮೇಲೆ ಚಹಾಕ್ಕೆ ನಿಲ್ಲಿಸಿದಾಗ ಕೀಲಿ ತೆಗೆಯುವ ಅವಸರ ಬೇಡ. ಟರ್ಬೊ ಕೆಂಡದಂತೆ ಕಾದಿರುತ್ತದೆ, ಎಂಜಿನ್ ನಿಂತರೆ ಆಯಿಲ್ ಹರಿವೂ ನಿಲ್ಲುತ್ತದೆ, ಒಳಗೆ ಉಳಿದ ಆಯಿಲ್ ಅಲ್ಲೇ ಸುಟ್ಟು ಕರಕಲಾಗುತ್ತದೆ. ಒಂದು ನಿಮಿಷ ಐಡಲ್‌ನಲ್ಲಿ ಬಿಡಿ, ಅಷ್ಟರಲ್ಲಿ ಚಹಾಕ್ಕೆ ಹೇಳಿ ಬರುವವರು ಹೇಳಿ ಬರಲಿ, ನೀವು ಸೀಟಿನಲ್ಲೇ ಇರಿ.